ಡಾಕಿಂಗ್ ಹಬ್: ಲ್ಯಾಪ್‌ಟಾಪ್‌ಗೆ ಹಲವು ಮಾನಿಟರ್‌ಗಳ ಜೋಡಣೆ

ಲ್ಯಾಪ್‌ಟಾಪ್‌ನ ಒಂದು ಪೋರ್ಟ್‌ಗೆ ಒಂದೇ ಕೇಬಲ್ ಸಿಕ್ಕಿಸಿ, ಅದರ ಮೂಲಕ ಎರಡೋ ಮೂರೋ ಮಾನಿಟರ್, ಕೀಬೋರ್ಡ್, ಮೌಸ್, ನೆಟ್‌ವರ್ಕ್ ಕೇಬಲ್ ಮತ್ತು ಚಾರ್ಜಿಂಗನ್ನು ಒಟ್ಟಿಗೆ ಒದಗಿಸುವ ಪೆಟ್ಟಿಗೆಗೆ ಡಾಕಿಂಗ್ ಹಬ್, ಡಾಕಿಂಗ್ ಸ್ಟೇಷನ್ ಅಥವಾ ಬರೀ ಡಾಕ್ ಎಂದು ಹೆಸರು. ಲ್ಯಾಪ್‌ಟಾಪ್‌ನಿಂದಲೇ ವಿದ್ಯುತ್ ಪಡೆಯುವ, ಗಿಡ್ಡ ಬಾಲದಂಥ ಕೇಬಲ್ಲಿರುವ ಅಂಗೈಯಗಲದ ಸಾಧನವನ್ನು ಹಬ್ ಎಂದೂ, ತನ್ನದೇ ಅಡಾಪ್ಟರ್ ಹೊಂದಿ ಮೇಜಿನ ಮೇಲೆ ಖಾಯಮ್ಮಾಗಿ ಕೂರುವುದನ್ನು ಡಾಕ್ ಎಂದೂ ಅಂಗಡಿಗಳಲ್ಲಿ ಸ್ಥೂಲವಾಗಿ ವಿಂಗಡಿಸುತ್ತಾರೆ. ಚಿತ್ರ ಸಾಗಿಸುವ ತತ್ತ್ವ ಎರಡರಲ್ಲೂ ಒಂದೇ ಆದ್ದರಿಂದ ಈ ಲೇಖನದಲ್ಲಿ ಎರಡಕ್ಕೂ ಡಾಕ್ ಎಂಬ ಪದವನ್ನೇ ಬಳಸಿದೆ. ಡಾಕ್‌ನ ಹಿಂಬದಿಯಲ್ಲಿ ಮೂರು ಮಾನಿಟರ್ ಪೋರ್ಟ್‌ಗಳಿದ್ದರೆ ಮೂರು ಮಾನಿಟರ್ ಬೆಳಗಿಯೇ ಬೆಳಗುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಕೊಂಡು ತಂದ ಮೇಲೆ ಒಂದು ಮಾನಿಟರ್ ಕಪ್ಪಾಗಿ ಕೂತರೆ, ಇನ್ನೊಂದರಲ್ಲಿ ಮೌಸ್ ಬಾಣ ಎಳೆದಾಡಿದರೆ, ಮೂರರಲ್ಲೂ ಒಂದೇ ಚಿತ್ರ ಬಂದರೆ ದೂರೆಲ್ಲ ಡಾಕ್‌ನ ಮೇಲೆ ಬೀಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಈ ದೂರು ತಪ್ಪು ವಿಳಾಸಕ್ಕೆ ಹೋಗಿರುತ್ತದೆ. ಹಳ್ಳಿಯ ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಹರಿಸುವ ನೀರುಗಂಟಿ ಎಷ್ಟೇ ಚತುರನಾದರೂ ಕೆರೆಯನ್ನು ತುಂಬಿಸಲಾರ. ಡಾಕ್‌ನದೂ ಅದೇ ಪಾಡು. ಅದು ಹಂಚುತ್ತದೆ, ಹುಟ್ಟಿಸುವುದಿಲ್ಲ. ಎಷ್ಟು ಚಿತ್ರಗಳು ಹುಟ್ಟಬಲ್ಲವು ಎಂಬುದನ್ನು ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ಪೂ, ಎಷ್ಟು ಸಾಗಬಲ್ಲವು ಎಂಬುದನ್ನು ಪೋರ್ಟ್ ಮತ್ತು ಕೇಬಲ್ಲೂ, ಹೇಗೆ ಬೇರ್ಪಡಬಲ್ಲವು ಎಂಬುದನ್ನು ಆಪರೇಟಿಂಗ್ ಸಿಸ್ಟಮ್ಮೂ ಮೊದಲೇ ತೀರ್ಮಾನಿಸಿರುತ್ತವೆ. ಈ ಮೂರನ್ನೂ ಬಿಡಿಸಿ ನೋಡಿದರೆ ಡಾಕ್‌ಗಳ ಕುರಿತ ಹೆಚ್ಚಿನ ಗೊಂದಲಗಳು ತಾವಾಗಿ ಕರಗುತ್ತವೆ.

ಹಿನ್ನೆಲೆ

ಡಾಕ್ ಎಂದರೆ ಹಂಚುವ ಸಾಧನ ಎಂಬ ಮಾತು ಮೊದಲಿನಿಂದಲೂ ಪೂರ್ತಿ ನಿಜವಾಗಿರಲಿಲ್ಲ. ಈ ಇತಿಹಾಸ ತಿಳಿಯದಿದ್ದರೆ ಇಂದಿನ ಡಾಕ್‌ನ ಸ್ವಭಾವ ಅರ್ಥವಾಗುವುದಿಲ್ಲ. 1992ರಲ್ಲಿ ಆಪಲ್ ಕಂಪನಿ ಪವರ್‌ಬುಕ್ ಡ್ಯುವೊ ಎಂಬ ತೆಳು ಲ್ಯಾಪ್‌ಟಾಪ್‌ನೊಂದಿಗೆ ಡ್ಯುವೊ ಡಾಕ್ ಎಂಬ ಪೆಟ್ಟಿಗೆಯನ್ನು ತಂದಿತು. ಮುಚ್ಚಿದ ಲ್ಯಾಪ್‌ಟಾಪನ್ನು ಅದರ ಬಾಯಿಗೆ ಇಟ್ಟರೆ, ವಿಸಿಆರ್ ಕ್ಯಾಸೆಟ್ ನುಂಗುವಂತೆ, ಮೋಟಾರ್ ಅದನ್ನು ಒಳಗೆಳೆದುಕೊಳ್ಳುತ್ತಿತ್ತು. ಆ ಪೆಟ್ಟಿಗೆಯೊಳಗೆ ಹೊರಗಿನ ಮಾನಿಟರ್‌ಗಾಗಿ ಪ್ರತ್ಯೇಕ ವಿಡಿಯೊ ಮಂಡಲವೂ ಅದರದೇ ವಿಡಿಯೊ ಮೆಮೊರಿಯೂ ವಿಸ್ತರಣಾ ಕಾರ್ಡ್‌ಗಳಿಗೆ ಜಾಗವೂ ಇದ್ದವು. ಅಂದರೆ ಆ ಡಾಕ್ ಚಿತ್ರವನ್ನು ತಾನೇ ರಚಿಸುತ್ತಿತ್ತು. ಮುಂದಿನ ಎರಡು ದಶಕಗಳಲ್ಲಿ ಗ್ರಾಫಿಕ್ಸ್ ಶಕ್ತಿ ಲ್ಯಾಪ್‌ಟಾಪ್‌ನೊಳಕ್ಕೇ ಸೇರಿದಂತೆ ಡಾಕ್ ತೆಳ್ಳಗಾಯಿತು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಮೊದಲಾದ ಕಚೇರಿ ಲ್ಯಾಪ್‌ಟಾಪ್‌ಗಳ ತಳದಲ್ಲಿ ನೂರಾರು ಸಣ್ಣ ಸಂಪರ್ಕಗಳ ಕನೆಕ್ಟರ್ ಇರುತ್ತಿತ್ತು. ಲ್ಯಾಪ್‌ಟಾಪನ್ನು ಡಾಕ್‌ನ ಮೇಲೆ ಒತ್ತಿ ಕೂರಿಸಿದರೆ ಒಳಗಿನ ವಿಡಿಯೊ ತಂತಿಗಳು ನೇರವಾಗಿ ಹೊರಗಿನ ಪೋರ್ಟ್‌ಗಳಿಗೆ ಬೆಸೆದುಕೊಳ್ಳುತ್ತಿದ್ದವು. ಒಂದೊಂದು ಮಾನಿಟರ್‌ಗೆ ಒಂದೊಂದು ಪ್ರತ್ಯೇಕ ದಾರಿ ಇದ್ದುದರಿಂದ ಇಲ್ಲಿ ತಾಪತ್ರಯ ಕಡಿಮೆ. ಅದಕ್ಕೆ ತೆತ್ತ ಬೆಲೆಯೆಂದರೆ ಒಂದು ಕಂಪನಿಯ ಡಾಕ್ ಇನ್ನೊಂದರ ಲ್ಯಾಪ್‌ಟಾಪ್‌ಗೆ ಹೊಂದುತ್ತಿರಲಿಲ್ಲ, ಎಷ್ಟೋ ಸಲ ಅದೇ ಕಂಪನಿಯ ಮುಂದಿನ ಪೀಳಿಗೆಗೂ ಹೊಂದುತ್ತಿರಲಿಲ್ಲ.

ಇದೇ ಕಾಲದ ಇನ್ನೊಂದು ಸಾಧನ ಈ ವಾದಕ್ಕೆ ಒಳ್ಳೆಯ ಸಾಕ್ಷಿ. ಕೆನಡಾದ ಮ್ಯಾಟ್ರಾಕ್ಸ್ ಕಂಪನಿ 2005ರಲ್ಲಿ ಡ್ಯುಯಲ್‌ಹೆಡ್‌2ಗೋ ಎಂಬ ಸಣ್ಣ ಡಬ್ಬಿಯನ್ನು ಹೊರತಂದಿತು. ಲ್ಯಾಪ್‌ಟಾಪ್‌ಗೆ ಅದು 2560×1024 ಪಿಕ್ಸೆಲ್‌ಗಳ ಒಂದೇ ಅಗಲದ ಮಾನಿಟರ್‌ನಂತೆ ತನ್ನನ್ನು ಪರಿಚಯಿಸಿಕೊಳ್ಳುತ್ತಿತ್ತು. ಬಂದ ಚಿತ್ರವನ್ನು ನಡುವೆ ಸೀಳಿ 1280×1024ರ ಎರಡು ಮಾನಿಟರ್‌ಗಳಿಗೆ ಕೊಡುತ್ತಿತ್ತು. ಲ್ಯಾಪ್‌ಟಾಪ್ ಒಂದೇ ಹೊರಚಿತ್ರ ಕೊಡಬಲ್ಲದು ಎಂಬ ಮಿತಿಯನ್ನು ಡಬ್ಬಿ ಮುರಿಯಲಿಲ್ಲ, ಅದರ ಕಣ್ಣಿಗೆ ಮಣ್ಣೆರಚಿತು. ಫಲವಾಗಿ ವಿಂಡೋಸ್‌ಗೆ ಎರಡು ಪರದೆಗಳಿವೆ ಎಂಬುದೇ ತಿಳಿಯದೆ, ಪರದೆಯ ನಟ್ಟನಡುವೆ ಮೂಡಬೇಕಾದ ಸಂದೇಶಗಳು ಎರಡು ಮಾನಿಟರ್‌ಗಳ ಸಂದಿಯಲ್ಲಿ ಸೀಳಿ ಕಾಣುತ್ತಿದ್ದವು. ಹುಟ್ಟುವ ಚಿತ್ರಗಳ ಸಂಖ್ಯೆ ಮತ್ತು ಕಾಣುವ ಮಾನಿಟರ್‌ಗಳ ಸಂಖ್ಯೆ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಪರಿಸ್ಥಿತಿ ಬದಲಾದದ್ದು 2014ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ 24 ಪಿನ್‌ಗಳ, ಯಾವ ಮಗ್ಗುಲಲ್ಲಾದರೂ ಸಿಕ್ಕಿಸಬಹುದಾದ ಯುಎಸ್‌ಬಿ ಟೈಪ್‌-ಸಿ ಕನೆಕ್ಟರ್‌ನ ವಿವರಣೆ ಸಿದ್ಧವಾಯಿತು. ಮರುತಿಂಗಳೇ ವಿಡಿಯೊ ಮಾನದಂಡಗಳ ಸಂಸ್ಥೆ ವೆಸಾ, ಅದೇ ಕನೆಕ್ಟರ್‌ನ ಮೂಲಕ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಕಳಿಸುವ ಆಲ್ಟ್ ಮೋಡ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಯಾವ ಕಂಪನಿಯ ಡಾಕ್ ಆದರೂ ಯಾವ ಕಂಪನಿಯ ಲ್ಯಾಪ್‌ಟಾಪ್‌ಗಾದರೂ ಕೂರುವ ಕಾಲ ಬಂತು. ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. ಹಿಂದೆ ಹೊಂದದ ಡಾಕ್ ಲ್ಯಾಪ್‌ಟಾಪ್‌ಗೆ ಸಿಕ್ಕಿಕೊಳ್ಳುತ್ತಲೇ ಇರಲಿಲ್ಲ, ಹಾಗಾಗಿ ಮೋಸ ಹೋಗುವ ಸಂಭವವೂ ಇರಲಿಲ್ಲ. ಈಗ ಎಲ್ಲವೂ ಎಲ್ಲಕ್ಕೂ ಸಿಕ್ಕಿಕೊಳ್ಳುತ್ತವೆ. ಹೊಂದಾಣಿಕೆಯ ಪ್ರಶ್ನೆ ಕಣ್ಣಿಗೆ ಕಾಣುವ ಆಕಾರದಿಂದ ಕಣ್ಣಿಗೆ ಕಾಣದ ಒಡಂಬಡಿಕೆಗಳಿಗೆ ಸರಿಯಿತು.

ಚಿತ್ರ ಹುಟ್ಟುವ ಜಾಗ

ಮೊದಲ ಮಿತಿ ಗ್ರಾಫಿಕ್ಸ್ ಚಿಪ್‌ನಲ್ಲಿದೆ. ಮೆಮೊರಿಯಲ್ಲಿ ಸಿದ್ಧವಾಗಿ ಕೂತ ಚಿತ್ರವನ್ನು ಸೆಕೆಂಡಿಗೆ 60 ಸಲ ಸಾಲುಸಾಲಾಗಿ ಓದಿ, ಮಾನಿಟರ್‌ಗೆ ಬೇಕಾದ ಲಯದಲ್ಲಿ ಹೊರಗೆ ಕಳಿಸುವ ಒಂದು ಸ್ವತಂತ್ರ ಮಂಡಲ ಪ್ರತಿ ಪರದೆಗೂ ಬೇಕು. ಇದನ್ನು ಡಿಸ್‌ಪ್ಲೇ ಪೈಪ್ ಎಂದು ಕರೆಯುವುದುಂಟು. ಈ ಪೈಪ್‌ಗಳ ಸಂಖ್ಯೆ ಚಿಪ್ ತಯಾರಾಗುವಾಗಲೇ ನಿಗದಿಯಾಗುತ್ತದೆ. ಆಮೇಲೆ ಯಾವ ಡಾಕ್ ತಂದರೂ ಹೆಚ್ಚುವುದಿಲ್ಲ. ಇಂಟೆಲ್‌ನ ಒಳಗ್ರಾಫಿಕ್ಸ್ ಬಹುಕಾಲ ಎರಡು ಪರದೆಗಳಿಗೆ ಸೀಮಿತವಾಗಿತ್ತು. 2012ರ ಐವಿ ಬ್ರಿಜ್ ಪೀಳಿಗೆಯಲ್ಲಿ ಅದು ಮೂರಕ್ಕೂ, 2020ರ ಟೈಗರ್ ಲೇಕ್ ಪೀಳಿಗೆಯಲ್ಲಿ ನಾಲ್ಕಕ್ಕೂ ಏರಿತು. ಈ ಎಣಿಕೆಯಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಪರದೆಯೂ ಸೇರಿದೆ. ಮೂರು ಪೈಪ್‌ಗಳ ಲ್ಯಾಪ್‌ಟಾಪ್‌ಗೆ ಮೂರು ಹೊರ ಮಾನಿಟರ್ ಜೋಡಿಸಿದರೆ ಒಂದು ಬೆಳಗದಿರುವುದಕ್ಕೂ, ಮುಚ್ಚಳ ಮುಚ್ಚಿದ ಕೂಡಲೇ ಆ ಮೂರನೆಯದು ಎಚ್ಚರಗೊಳ್ಳುವುದಕ್ಕೂ ಕಾರಣ ಇದೇ.

ಆಪಲ್‌ನ ಚಿಪ್‌ಗಳು ಈ ಸಂಗತಿಯನ್ನು ಪ್ರಯೋಗಾಲಯದ ಪಾಠದಂತೆ ತೋರಿಸಿಕೊಟ್ಟವು. 2020ರ ನವೆಂಬರ್‌ನಲ್ಲಿ ಬಂದ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ 6ಕೆ ದರ್ಜೆಯ, ಅಂದರೆ 6016×3384 ಪಿಕ್ಸೆಲ್‌ಗಳ ಒಂದು ಹೊರ ಮಾನಿಟರನ್ನು ಸಲೀಸಾಗಿ ನಡೆಸಬಲ್ಲದು. ಅದು ಎರಡು ಕೋಟಿಗೂ ಮಿಕ್ಕಿದ ಪಿಕ್ಸೆಲ್. ಎರಡು ಸಾಧಾರಣ ಫುಲ್ ಎಚ್‌ಡಿ ಮಾನಿಟರ್‌ಗಳನ್ನು ಸೇರಿಸಿದರೂ ಸುಮಾರು 41 ಲಕ್ಷ ಪಿಕ್ಸೆಲ್‌ಗಳಷ್ಟೇ ಆಗುತ್ತವೆ. ಹಾಗಿದ್ದೂ ಆ ಎರಡನ್ನು ಅದು ನಡೆಸಲಾರದು. ಕೊರತೆಯಿದ್ದದ್ದು ವೇಗದಲ್ಲಾಗಲಿ ಕೇಬಲ್‌ನಲ್ಲಾಗಲಿ ಅಲ್ಲ, ಪೈಪ್‌ಗಳ ಎಣಿಕೆಯಲ್ಲಿ. ಅದೇ ಎಂ1 ಚಿಪ್, ಸ್ವಂತ ಪರದೆಯೇ ಇಲ್ಲದ ಮ್ಯಾಕ್ ಮಿನಿಯಲ್ಲಿ ಎರಡು ಮಾನಿಟರ್‌ಗಳನ್ನು ಬೆಳಗಿಸುತ್ತಿತ್ತು ಎಂಬುದು ಈ ವಿವರಣೆಯನ್ನು ಗಟ್ಟಿಮಾಡುತ್ತದೆ. 2024ರ ಎಂ3 ಮ್ಯಾಕ್‌ಬುಕ್ ಏರ್‌ನಲ್ಲಿ ಮುಚ್ಚಳ ಮುಚ್ಚಿದರೆ ಎರಡು ಹೊರ ಮಾನಿಟರ್ ಸಾಧ್ಯವಾಯಿತು. 2025ರ ಎಂ4 ಮಾದರಿಯಲ್ಲಿ ಮುಚ್ಚಳ ತೆರೆದಿದ್ದರೂ ಸಾಧ್ಯವಾಯಿತು. ಈ ಐದು ವರ್ಷಗಳಲ್ಲಿ ಬಳಕೆದಾರರ ಮೇಜಿನ ಮೇಲಿದ್ದ ಡಾಕ್ ಅದೇ ಆಗಿದ್ದರೂ ಸರಿಯೆ, ಫಲಿತಾಂಶ ಮಾತ್ರ ಚಿಪ್‌ನೊಂದಿಗೆ ಬದಲಾಯಿತು.

ಕೇಬಲ್ ಹೊರುವ ಭಾರ

ಎರಡನೆಯ ಮಿತಿಯನ್ನು ಸರಳ ಗುಣಾಕಾರದಿಂದ ತಿಳಿಯಬಹುದು. ಫುಲ್ ಎಚ್‌ಡಿ ಮಾನಿಟರ್‌ನಲ್ಲಿ 1920×1080 ಪಿಕ್ಸೆಲ್‌ಗಳು. ಪ್ರತಿ ಪಿಕ್ಸೆಲ್‌ನ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 60 ಚಿತ್ರ. ಎಲ್ಲವನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್. ಸಾಲುಗಳ ನಡುವಿನ ಬಿಡುವಿನ ಅವಧಿಯನ್ನೂ ಲೆಕ್ಕಕ್ಕೆ ಹಿಡಿದರೆ 3.3 ಗಿಗಾಬಿಟ್. ಇದೇ ರೀತಿ 2560×1440ರ ಮಾನಿಟರ್‌ಗೆ 5.8, 3840×2160ರ 4ಕೆ ಮಾನಿಟರ್‌ಗೆ ಸುಮಾರು 12.8 ಗಿಗಾಬಿಟ್ ಬೇಕು. ಇನ್ನು ದಾರಿಯ ಅಗಲ. ಟೈಪ್‌-ಸಿ ಕೇಬಲ್‌ನಲ್ಲಿ ಅತಿವೇಗದ ನಾಲ್ಕು ಜೋಡಿ ತಂತಿಗಳಿವೆ. ನಾಲ್ಕನ್ನೂ ಚಿತ್ರಕ್ಕೇ ಬಿಟ್ಟುಕೊಡಬಹುದು. ಇಲ್ಲವೇ ಎರಡನ್ನು ಚಿತ್ರಕ್ಕೂ ಉಳಿದೆರಡನ್ನು ಯುಎಸ್‌ಬಿ 3 ವೇಗದ ದತ್ತಾಂಶಕ್ಕೂ ಹಂಚಬಹುದು. ಡಿಸ್‌ಪ್ಲೇಪೋರ್ಟ್ 1.2ರ ವೇಗದಲ್ಲಿ ಒಂದು ಜೋಡಿಯ ಹೆಸರಿನ ವೇಗ 5.4 ಗಿಗಾಬಿಟ್, ಆದರೆ ಪ್ರತಿ 8 ಬಿಟ್‌ಗಳನ್ನು 10 ಬಿಟ್‌ಗಳಾಗಿ ಮಾರ್ಪಡಿಸಿ ಕಳಿಸುವುದರಿಂದ ಐದರಲ್ಲೊಂದು ಪಾಲು ಕಳೆದು 4.32 ಉಳಿಯುತ್ತದೆ. 1.4ರ ವೇಗದಲ್ಲಿ 8.1ರಿಂದ 6.48 ಉಳಿಯುತ್ತದೆ.

ಈ ಅಂಕಿಗಳನ್ನು ಎದುರುಬದುರು ಇಟ್ಟರೆ ಬಳಕೆದಾರರ ಸಾಮಾನ್ಯ ದೂರುಗಳಿಗೆ ಉತ್ತರ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್‌ನಿಂದ ಎರಡು ಜೋಡಿಗಳ ಮೇಲೆ ಬರುವುದು 8.64 ಗಿಗಾಬಿಟ್. ಎರಡು ಫುಲ್ ಎಚ್‌ಡಿ ಮಾನಿಟರ್‌ಗಳು ಅದರೊಳಗೆ ಆರಾಮವಾಗಿ ಹಿಡಿಯುತ್ತವೆ. ಒಂದೇ ಒಂದು 4ಕೆ ಮಾನಿಟರ್ 60 ಹರ್ಟ್ಸ್‌ನಲ್ಲಿ ಹಿಡಿಯುವುದಿಲ್ಲ. ಆಗ ವ್ಯವಸ್ಥೆ ಸದ್ದಿಲ್ಲದೆ 30 ಹರ್ಟ್ಸ್‌ಗೆ ಇಳಿಯುತ್ತದೆ. ಮಾನಿಟರ್ ಬೆಳಗಿರುತ್ತದೆ, ಅಕ್ಷರಗಳು ಚೂಪಾಗಿಯೇ ಇರುತ್ತವೆ, ಮೌಸ್ ಬಾಣ ಮಾತ್ರ ಕೈಯ ಹಿಂದೆ ತಡವರಿಸುತ್ತದೆ. ಹೊಸ ಲ್ಯಾಪ್‌ಟಾಪ್‌ನ ಎರಡು ಜೋಡಿಗಳಲ್ಲಿ 12.96 ಗಿಗಾಬಿಟ್ ಇರುವುದರಿಂದ ಅದೇ 4ಕೆ ಮಾನಿಟರ್ ಇಕ್ಕಟ್ಟಿನಲ್ಲಾದರೂ ಹಿಡಿಯುತ್ತದೆ, ಎರಡನೆಯದಕ್ಕೆ ಜಾಗವಿಲ್ಲ. ನಾಲ್ಕೂ ಜೋಡಿಗಳನ್ನು ಚಿತ್ರಕ್ಕೆ ಬಿಟ್ಟರೆ ಒಟ್ಟು 25.92 ಗಿಗಾಬಿಟ್ ಸಿಗುತ್ತದೆ, ಎರಡು 4ಕೆ ಮಾನಿಟರ್‌ಗಳ ಅಗತ್ಯ ಹೆಚ್ಚುಕಡಿಮೆ ಅದರ ಅಂಚಿಗೇ ಬಂದು ನಿಲ್ಲುತ್ತದೆ. ಆದರೆ ಆಗ ದತ್ತಾಂಶಕ್ಕೆ ಉಳಿಯುವುದು ಹಳೆಯ ಯುಎಸ್‌ಬಿ 2.0ರ ತಂತಿ, ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ. ಡಾಕ್‌ನಲ್ಲಿ ಗಿಗಾಬಿಟ್ ಈಥರ್‌ನೆಟ್ ಎಂದು ಬರೆದಿದ್ದರೂ ಇಂಟರ್‌ನೆಟ್ ಅದರ ಅರ್ಧ ವೇಗವನ್ನೂ ಮುಟ್ಟದೆ ಇರುವುದು, ಹೊರ ಹಾರ್ಡ್‌ಡಿಸ್ಕ್ ಆಮೆಯಂತೆ ತೆವಳುವುದು ಈ ಕಾರಣಕ್ಕೆ. ಒಂದು ಗದ್ದೆಗೆ ಹೆಚ್ಚು ನೀರು ಬಿಟ್ಟರೆ ಇನ್ನೊಂದಕ್ಕೆ ಕಡಿಮೆಯಾಗಲೇಬೇಕು.

2016ರ ಡಿಸ್‌ಪ್ಲೇಪೋರ್ಟ್ 1.4ರೊಂದಿಗೆ ಬಂದ ಡಿಎಸ್‌ಸಿ ಎಂಬ ಸಂಕುಚನ ವಿಧಾನ ಈ ಇಕ್ಕಟ್ಟನ್ನು ಸಾಕಷ್ಟು ಸಡಿಲಿಸಿತು. ಕಣ್ಣಿಗೆ ವ್ಯತ್ಯಾಸ ಗೊತ್ತಾಗದಂತೆ ಚಿತ್ರವನ್ನು ಮೂರನೆಯ ಒಂದು ಪಾಲಿನವರೆಗೂ ಕುಗ್ಗಿಸಿ ಕಳಿಸುವುದು ಅದರ ಕೆಲಸ. ಮಾನಿಟರ್ ಹಳೆಯದಾದರೂ ಡಾಕ್‌ನೊಳಗಿನ ಚಿಪ್ಪೇ ಹಿಗ್ಗಿಸಿ ಕೊಡಬಲ್ಲದು. ಆದರೆ ಕುಗ್ಗಿಸಬೇಕಾದದ್ದು ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್. ಅದಕ್ಕೆ ಈ ವಿದ್ಯೆ ಬಾರದಿದ್ದರೆ ಡಾಕ್‌ನಲ್ಲಿ ಅದಿದ್ದೂ ವ್ಯರ್ಥ. ಕೇಬಲ್‌ನದೂ ಇದೇ ಕಥೆ. ಮೊಬೈಲ್ ಚಾರ್ಜರ್ ಜೊತೆ ಬರುವ ಎಷ್ಟೋ ಟೈಪ್‌-ಸಿ ಕೇಬಲ್‌ಗಳಲ್ಲಿ ಅತಿವೇಗದ ತಂತಿಗಳೇ ಇರುವುದಿಲ್ಲ. ಎರಡೂ ತುದಿಯಲ್ಲಿ ಅದೇ ಕನೆಕ್ಟರ್, ಚಾರ್ಜ್ ಕೂಡ ಆಗುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಥಂಡರ್‌ಬೋಲ್ಟ್‌ನಂಥ ಇನ್ನೂ ಹೆಚ್ಚಿನ ವೇಗಕ್ಕೆ ಉದ್ದವೂ ಅಡ್ಡಿ: 40 ಗಿಗಾಬಿಟ್ ವೇಗವನ್ನು ಸಾಧಾರಣ ತಾಮ್ರದ ಕೇಬಲ್ ಸುಮಾರು 0.8 ಮೀಟರ್‌ವರೆಗೆ ಮಾತ್ರ ಸಾಗಿಸುತ್ತದೆ. ಅದಕ್ಕಿಂತ ಉದ್ದ ಬೇಕಾದರೆ ಒಳಗೆ ಚಿಪ್ ಇರುವ ದುಬಾರಿ ಕೇಬಲ್ ಬೇಕು.

ಒಂದು ದಾರಿ, ಹಲವು ಚಿತ್ರ

ಚಿತ್ರಗಳು ಹುಟ್ಟಿದವು, ದಾರಿಯೂ ಸಾಕಷ್ಟಿದೆ. ಒಂದೇ ಕೇಬಲ್‌ನಲ್ಲಿ ಬಂದವನ್ನು ಡಾಕ್ ಬೇರ್ಪಡಿಸುವುದು ಹೇಗೆ? ಇದಕ್ಕೆ ಎರಡು ಮುಖ್ಯ ವಿಧಾನಗಳಿವೆ. ವೆಸಾ 2010ರ ಜನವರಿಯಲ್ಲಿ ಪ್ರಕಟಿಸಿದ ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಎಂಎಸ್‌ಟಿ ಎಂಬ ವ್ಯವಸ್ಥೆ ಇದೆ. ಪ್ರತಿ ಮಾನಿಟರ್ ತನ್ನ ಅಳತೆ ಮತ್ತು ಸಾಮರ್ಥ್ಯದ ವಿವರವನ್ನು ಇಡಿಡ್ ಎಂಬ ಸಣ್ಣ ಕಡತದಲ್ಲಿ ಇಟ್ಟುಕೊಂಡಿರುತ್ತದೆ. ಎಂಎಸ್‌ಟಿ ಡಾಕ್ ಆ ಕಡತಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ಪ್ರತ್ಯೇಕವಾಗಿ ಮುಟ್ಟಿಸುತ್ತದೆ; ಲ್ಯಾಪ್‌ಟಾಪ್ ಪ್ರತಿಯೊಂದಕ್ಕೂ ಬೇರೆ ಚಿತ್ರ ರಚಿಸಿ, ಸಣ್ಣ ಕಂತುಗಳಾಗಿ ಹೆಣೆದು ಒಂದೇ ದಾರಿಯಲ್ಲಿ ಬಿಡುತ್ತದೆ; ಡಾಕ್ ಆ ಹೆಣಿಗೆಯನ್ನು ಬಿಚ್ಚಿ ಆಯಾ ಪೋರ್ಟ್‌ಗೆ ಕೊಡುತ್ತದೆ. ಅಗ್ಗದ ಟೈಪ್‌-ಸಿ ಡಾಕ್‌ಗಳಲ್ಲಿ ಹೆಚ್ಚಿನವು ಇದನ್ನೇ ಅವಲಂಬಿಸಿವೆ. ಇನ್ನೊಂದು ವಿಧಾನ ಥಂಡರ್‌ಬೋಲ್ಟ್‌ನದು. ಇಂಟೆಲ್ ಮತ್ತು ಆಪಲ್ 2011ರಲ್ಲಿ ತಂದ ಈ ತಂತ್ರಜ್ಞಾನ 2015ರ ಮೂರನೆಯ ಆವೃತ್ತಿಯಲ್ಲಿ ಟೈಪ್‌-ಸಿ ಕನೆಕ್ಟರ್‌ಗೆ ಬಂತು. 40 ಗಿಗಾಬಿಟ್‌ನ ಹೆದ್ದಾರಿಯೊಳಗೆ ಡಿಸ್‌ಪ್ಲೇಪೋರ್ಟ್‌ನ ಎರಡು ಸ್ವತಂತ್ರ ಧಾರೆಗಳನ್ನೂ ಉಳಿದ ದತ್ತಾಂಶವನ್ನೂ ಸುರಂಗದಂತೆ ಹಾಯಿಸುವುದು ಇದರ ಕ್ರಮ. 2019ರ ಯುಎಸ್‌ಬಿ4 ಮಾನದಂಡ ಇದರ ತಳಹದಿಯ ಮೇಲೆಯೇ ರೂಪುಗೊಂಡಿತು.

ಈ ಹಂತದಲ್ಲಿ ಮೂರನೆಯ ಮಿತಿ, ಆಪರೇಟಿಂಗ್ ಸಿಸ್ಟಮ್, ಎದುರಾಗುತ್ತದೆ. ವಿಂಡೋಸ್ ಮತ್ತು ಲಿನಕ್ಸ್‌ಗಳು ಎಂಎಸ್‌ಟಿಯನ್ನು ಬೆಂಬಲಿಸುತ್ತವೆ. ಮ್ಯಾಕ್‌ಒಎಸ್ ಒಂದೇ ಎಂಎಸ್‌ಟಿ ಧಾರೆಯಿಂದ ಎರಡು ಬೇರೆಬೇರೆ ಪರದೆಗಳನ್ನು ವಿಸ್ತರಿಸುವುದಿಲ್ಲ. ಅಂಥ ಡಾಕ್‌ಗೆ ಜೋಡಿಸಿದ ಎರಡೂ ಮಾನಿಟರ್‌ಗಳಲ್ಲಿ ಒಂದೇ ಚಿತ್ರ ಕಾಣುತ್ತದೆ. ಇದು ಯಂತ್ರದ ದೌರ್ಬಲ್ಯವಿರಬಹುದೆಂದು ಅನುಮಾನಿಸುವವರಿಗೆ ಇಂಟೆಲ್ ಚಿಪ್‌ನ ಹಳೆಯ ಮ್ಯಾಕ್‌ಬುಕ್‌ಗಳಲ್ಲೇ ಉತ್ತರವಿದೆ. ಅವುಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿ ನಡೆಸಿದಾಗ, ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ಅದೇ ಡಾಕ್, ಎರಡು ಮಾನಿಟರ್‌ಗಳಲ್ಲಿ ಎರಡು ಬೇರೆ ಚಿತ್ರಗಳು ಬರುತ್ತಿದ್ದವು. ಬದಲಾದದ್ದು ತಂತ್ರಾಂಶ ಮಾತ್ರ. ಇದೇ ಮ್ಯಾಕ್‌ಗಳು ಥಂಡರ್‌ಬೋಲ್ಟ್ ಡಾಕ್‌ನಲ್ಲಿ ಎರಡು ಮಾನಿಟರ್‌ಗಳನ್ನು ತಕರಾರಿಲ್ಲದೆ ನಡೆಸುವುದೂ, ಅಲ್ಲಿ ಧಾರೆಗಳು ಮೊದಲೇ ಬೇರೆಬೇರೆಯಾಗಿ ಬರುವುದರಿಂದ. ಒಂದೇ ಡಾಕ್ ಕುರಿತು ಒಬ್ಬರು ಹೊಗಳುವುದೂ ಇನ್ನೊಬ್ಬರು ಶಪಿಸುವುದೂ ಏಕೆಂಬುದು ಇಲ್ಲಿಗೆ ಸ್ಪಷ್ಟವಾಗುತ್ತದೆ: ಇಬ್ಬರೂ ತಮ್ಮತಮ್ಮ ಲ್ಯಾಪ್‌ಟಾಪನ್ನು ಡಾಕ್‌ನ ಹೆಸರಿನಲ್ಲಿ ವಿಮರ್ಶಿಸುತ್ತಿರುತ್ತಾರೆ.

ಏತ ನೀರಾವರಿಯ ದಾರಿ

ಡಾಕ್ ಚಿತ್ರಗಳ ಸಂಖ್ಯೆಯನ್ನು ಹೆಚ್ಚಿಸಲಾರದು ಎಂಬ ಮಾತಿಗೆ ಎದುರಾಗುವ ದೊಡ್ಡ ಆಕ್ಷೇಪ ಡಿಸ್‌ಪ್ಲೇಲಿಂಕ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿ, 2020ರಲ್ಲಿ ಸಿನಾಪ್ಟಿಕ್ಸ್ ಕಂಪನಿಯ ಪಾಲಾದ ಈ ತಂತ್ರಜ್ಞಾನದ ಡಾಕ್‌ಗಳು, ಒಂದೇ ಹೊರ ಮಾನಿಟರ್‌ಗೆ ಸೀಮಿತವಾದ ಎಂ1 ಮ್ಯಾಕ್‌ಬುಕ್ ಏರ್‌ನಲ್ಲೂ ಎರಡು ಮೂರು ಮಾನಿಟರ್‌ಗಳನ್ನು ಬೆಳಗಿಸುತ್ತವೆ. ಆಕ್ಷೇಪ ಗಂಭೀರವಾದದ್ದೇ, ಆದರೆ ಅದು ಕೆಲಸ ಮಾಡುವ ಬಗೆಯನ್ನು ನೋಡಿದರೆ ನಿಯಮ ಮುರಿದಿಲ್ಲ, ಅದನ್ನು ಸುತ್ತುಬಳಸಿ ದಾಟಲಾಗಿದೆ ಎಂಬುದು ತಿಳಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸ್ಥಾಪಿಸುವ ಡ್ರೈವರ್ ತಂತ್ರಾಂಶ ಒಂದು ಕಾಲ್ಪನಿಕ ಪರದೆಯನ್ನು ಸೃಷ್ಟಿಸುತ್ತದೆ. ಅದರಲ್ಲಿ ಬದಲಾದ ಭಾಗಗಳನ್ನು ಪ್ರೊಸೆಸರ್‌ನ ಬಲದಿಂದ ಸಂಕುಚಿಸಿ, ಸಾಮಾನ್ಯ ದತ್ತಾಂಶದಂತೆ ಯುಎಸ್‌ಬಿ ಮೂಲಕ ಕಳಿಸುತ್ತದೆ. ಡಾಕ್‌ನ ಚಿಪ್ ಅದನ್ನು ಬಿಡಿಸಿ ಮಾನಿಟರ್‌ಗೆ ಬೇಕಾದ ಸಂಕೇತವಾಗಿಸುತ್ತದೆ. ಡಿಸ್‌ಪ್ಲೇ ಪೈಪ್ ಮಾಡಬೇಕಾದ ಕೆಲಸವನ್ನು ಇಲ್ಲಿ ತಂತ್ರಾಂಶವೂ ಡಾಕ್‌ನ ಚಿಪ್ಪೂ ಹಂಚಿಕೊಂಡು ಮಾಡುತ್ತವೆ. ಕಾಲುವೆ ಹರಿಯದ ಎತ್ತರದ ಹೊಲಕ್ಕೆ ಏತ ನೀರಾವರಿಯಲ್ಲಿ ನೀರು ಹಾಯಿಸಿದಂತೆ ಇದು: ನೀರು ಬರುವುದು ನಿಜ, ಎತ್ತುವ ಖರ್ಚೂ ನಿಜ.

ಆ ಖರ್ಚು ಮೂರು ರೂಪದಲ್ಲಿ ಬರುತ್ತದೆ. ಸ್ಪ್ರೆಡ್‌ಶೀಟ್, ಇಮೇಲ್, ಕೋಡ್ ಮುಂತಾದ ಹೆಚ್ಚು ಕದಲದ ಪುಟಗಳಿದ್ದಾಗ ಬದಲಾಗುವ ಪಿಕ್ಸೆಲ್‌ಗಳು ಕಡಿಮೆ, ಪ್ರೊಸೆಸರ್‌ಗೆ ಶ್ರಮವೂ ಕಡಿಮೆ. ಪೂರ್ಣ ಪರದೆಯ ವಿಡಿಯೊ ಅಥವಾ ಆಟವಿದ್ದರೆ ಎಲ್ಲ ಪಿಕ್ಸೆಲ್‌ಗಳೂ ಪ್ರತಿಕ್ಷಣ ಬದಲಾಗುವುದರಿಂದ ಫ್ಯಾನ್ ಜೋರಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಚಿತ್ರ ತುಸು ತಡವಾಗುತ್ತದೆ. ಎರಡನೆಯದು, ಮ್ಯಾಕ್‌ನಲ್ಲಿ ಈ ಡ್ರೈವರ್‌ಗೆ ಪರದೆಯನ್ನು ರೆಕಾರ್ಡ್ ಮಾಡುವ ಅನುಮತಿ ಕೊಡಬೇಕಾಗುವುದರಿಂದ, ನಕಲುತಡೆ ಇರುವ ಸಿನಿಮಾ ತಾಣಗಳು ಕಪ್ಪು ಚೌಕಟ್ಟನ್ನಷ್ಟೇ ತೋರಿಸಬಹುದು. ಮೂರನೆಯದು ಅವಲಂಬನೆ. ಆಪರೇಟಿಂಗ್ ಸಿಸ್ಟಮ್ ಬದಲಾದರೆ ಡ್ರೈವರ್ ಕೂಡ ಬದಲಾಗಬೇಕು. 2018ರಲ್ಲಿ ಮ್ಯಾಕ್‌ಒಎಸ್ 10.13.4 ಬಂದಾಗ ಡಿಸ್‌ಪ್ಲೇಲಿಂಕ್ ಮಾನಿಟರ್‌ಗಳು ಕೆಲಸ ನಿಲ್ಲಿಸಿದ್ದವು. ಡ್ರೈವರ್ ಸ್ಥಾಪಿಸಲು ಅನುಮತಿಯಿಲ್ಲದ ಕಚೇರಿ ಲ್ಯಾಪ್‌ಟಾಪ್‌ನಲ್ಲಿ ಈ ದಾರಿ ಮುಚ್ಚಿದಂತೆಯೇ. ಥಂಡರ್‌ಬೋಲ್ಟ್ ಮೂಲಕ ಹೊರಗಿನ ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಪೆಟ್ಟಿಗೆಗಳದು ಇನ್ನೊಂದು ಅಪವಾದ. ಅವು ನಿಜಕ್ಕೂ ಹೊಸ ಪೈಪ್‌ಗಳನ್ನು ತರುತ್ತವೆ, ಒಂದರ್ಥದಲ್ಲಿ 1992ರ ಡ್ಯುವೊ ಡಾಕ್‌ನ ಮರುಹುಟ್ಟು. ಆದರೆ ಆಪಲ್‌ನ ಸ್ವಂತ ಚಿಪ್‌ಗಳ ಮ್ಯಾಕ್‌ಗಳಲ್ಲಿ ಅವಕ್ಕೆ ಬೆಂಬಲವಿಲ್ಲ, ಮತ್ತು ಬೆಲೆ, ಗಾತ್ರಗಳಿಂದಾಗಿ ಅವನ್ನು ಡಾಕ್ ಎನ್ನುವುದಕ್ಕಿಂತ ಅರ್ಧ ಕಂಪ್ಯೂಟರ್ ಎನ್ನುವುದೇ ಸರಿ.

ಇತರ ಆಕ್ಷೇಪಗಳು

ಹೊಸ ಮಾನದಂಡಗಳು ಈ ಲೆಕ್ಕಾಚಾರವನ್ನೇ ಅನಗತ್ಯವಾಗಿಸುತ್ತವೆ ಎನ್ನುವವರಿದ್ದಾರೆ. 2020ರಲ್ಲಿ ಘೋಷಿತವಾದ ಥಂಡರ್‌ಬೋಲ್ಟ್ 4, ಆ ಹೆಸರು ಧರಿಸುವ ಲ್ಯಾಪ್‌ಟಾಪ್ ಕನಿಷ್ಠ ಎರಡು 4ಕೆ ಮಾನಿಟರ್‌ಗಳನ್ನು ನಡೆಸಲೇಬೇಕೆಂದು ಕಡ್ಡಾಯಗೊಳಿಸಿತು. 2023ರಲ್ಲಿ ಪ್ರಕಟವಾದ ಥಂಡರ್‌ಬೋಲ್ಟ್ 5 ಎರಡೂ ದಿಕ್ಕಿಗೆ 80 ಗಿಗಾಬಿಟ್, ಚಿತ್ರಕ್ಕೆಂದೇ ಬೇಕಾದಾಗ ಒಂದು ದಿಕ್ಕಿಗೆ 120 ಗಿಗಾಬಿಟ್ ಕೊಡುತ್ತದೆ. ಇಷ್ಟು ಅಗಲದ ದಾರಿಯಲ್ಲಿ ಕೇಬಲ್‌ನ ಮಿತಿ ಸಾಮಾನ್ಯ ಬಳಕೆದಾರರಿಗೆ ಬಹುಮಟ್ಟಿಗೆ ಮರೆಯಾಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಥಂಡರ್‌ಬೋಲ್ಟ್ 4ರ ಭರವಸೆಯನ್ನು ಗಮನಿಸಿ ಓದಿದರೆ ಅದು ಲ್ಯಾಪ್‌ಟಾಪ್‌ಗೆ ಹಾಕಿದ ಷರತ್ತು. ಒಂದೇ ಹೊರ ಮಾನಿಟರ್ ನಡೆಸುವ ಎಂ1 ಮ್ಯಾಕ್‌ಬುಕ್ ಏರ್‌ನ ಪೋರ್ಟ್‌ಗೆ ಆಪಲ್ ಥಂಡರ್‌ಬೋಲ್ಟ್ 4 ಎಂಬ ಹೆಸರಿಡದೆ ಥಂಡರ್‌ಬೋಲ್ಟ್ / ಯುಎಸ್‌ಬಿ 4 ಎಂದಷ್ಟೇ ಕರೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಾನದಂಡ ರೂಪಿಸಿದವರೇ ಎಣಿಕೆಯನ್ನು ಕೆರೆಯ ಕಡೆಯಿಂದ ಆರಂಭಿಸಿದ್ದಾರೆ. ಜೊತೆಗೆ ಲ್ಯಾಪ್‌ಟಾಪ್‌ಗಳು ಐದಾರು ವರ್ಷ ಬಾಳುತ್ತವೆ, ಮಾನಿಟರ್‌ಗಳು ಇನ್ನೂ ಹೆಚ್ಚು. ಹೊಸ ಡಾಕ್ ಹಳೆಯ ಲ್ಯಾಪ್‌ಟಾಪ್‌ಗೆ ಸಿಕ್ಕಿಕೊಳ್ಳುವ ಪರಿಸ್ಥಿತಿ ಬೇಗ ತಪ್ಪುವಂಥದ್ದಲ್ಲ.

ಡಾಕ್ ಏಕೆ ಬೇಕು, ಲ್ಯಾಪ್‌ಟಾಪ್‌ನ ಎಚ್‌ಡಿಎಂಐಗೆ ಒಂದು, ಟೈಪ್‌-ಸಿಗೆ ಒಂದು ಎಂದು ಮಾನಿಟರ್‌ಗಳನ್ನು ನೇರವಾಗಿ ಸಿಕ್ಕಿಸಿದರಾಗದೆ ಎಂಬುದು ಎರಡನೆಯ ಆಕ್ಷೇಪ. ಎರಡೇ ಮಾನಿಟರ್ ಇದ್ದು, ಲ್ಯಾಪ್‌ಟಾಪ್ ಮನೆಯ ಮೇಜಿನಿಂದ ಕದಲುವುದು ಅಪರೂಪವಾದರೆ ಇದು ಸರಿಯಾದ ಸಲಹೆಯೇ: ಪ್ರತಿ ಚಿತ್ರಕ್ಕೂ ಅದರದೇ ದಾರಿ ಸಿಗುತ್ತದೆ, ಖರ್ಚೂ ಉಳಿಯುತ್ತದೆ. ಡಾಕ್‌ನ ಸಾರ್ಥಕತೆ ಇರುವುದು ದಿನಕ್ಕೆ ಹಲವು ಸಲ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗುವಲ್ಲಿ, ಅಥವಾ ಒಂದೇ ಮೇಜಿಗೆ ಬೇರೆಬೇರೆಯವರು ಬಂದು ಕೂರುವಲ್ಲಿ. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಸ್ವಂತ ಮೇಜಿನ ಬದಲು ಖಾಲಿ ಇದ್ದ ಮೇಜಿಗೆ ಕೂರುವ ಪದ್ಧತಿ ಬಂದಂತೆ ಪ್ರತಿ ಮೇಜಿನ ಮೇಲೂ ಎರಡು ಮಾನಿಟರ್ ಮತ್ತು ಒಂದು ಡಾಕ್ ಇರುವುದು ಸಾಮಾನ್ಯವಾಗಿರುವುದು ಇದಕ್ಕೇ. ಆ ಒಂದೇ ಕೇಬಲ್ ಚಾರ್ಜನ್ನೂ ಕೊಡುತ್ತದೆ: ಯುಎಸ್‌ಬಿ ಪವರ್ ಡೆಲಿವರಿ ಮೊದಲು 100 ವ್ಯಾಟ್‌ಗೆ ಸೀಮಿತವಾಗಿತ್ತು, 2021ರಲ್ಲಿ 240 ವ್ಯಾಟ್‌ಗೆ ಏರಿತು. ಇಲ್ಲೂ ಹಂಚಿಕೆಯ ನಿಯಮವೇ. ಸ್ವಂತ ಅಡಾಪ್ಟರ್ ಇಲ್ಲದ ಹಬ್‌ಗೆ 65 ವ್ಯಾಟ್ ಚಾರ್ಜರ್ ಸಿಕ್ಕಿಸಿದರೆ, ಹಬ್ ತನ್ನ ಪಾಲನ್ನು ಮುರಿದುಕೊಂಡು ಉಳಿದದ್ದನ್ನಷ್ಟೇ ಲ್ಯಾಪ್‌ಟಾಪ್‌ಗೆ ದಾಟಿಸುತ್ತದೆ.

ಎರಡು ಮಾನಿಟರ್‌ಗಳ ಬದಲು ಒಂದೇ ಅಗಲವಾದ ಮಾನಿಟರ್ ಕೊಂಡರೆ ಸಮಸ್ಯೆಯೇ ಇಲ್ಲ ಎಂಬ ಮೂರನೆಯ ಆಕ್ಷೇಪ ಬುದ್ಧಿವಂತಿಕೆಯದು, ಮತ್ತು ಈ ಲೇಖನದ ವಾದವನ್ನೇ ಬಲಪಡಿಸುವಂಥದ್ದು. 5120×1440ರ ಮಾನಿಟರ್‌ನಲ್ಲಿ 2560×1440ರ ಎರಡು ಮಾನಿಟರ್‌ಗಳಷ್ಟೇ ಪಿಕ್ಸೆಲ್‌ಗಳಿವೆ. ಕೇಬಲ್‌ಗೆ ಬೀಳುವ ಭಾರ ಹೆಚ್ಚುಕಡಿಮೆ ಅಷ್ಟೇ, ಆದರೆ ಬಳಸುವ ಪೈಪ್ ಒಂದೇ. ಅಂದರೆ ಎಣಿಕೆಯ ಕೊರತೆಯಿರುವ ಲ್ಯಾಪ್‌ಟಾಪ್‌ಗೆ ಇದು ಒಳ್ಳೆಯ ಪರಿಹಾರ, ದಾರಿಯ ಅಗಲದ ಕೊರತೆಯಿರುವುದಕ್ಕೆ ಯಾವ ಪರಿಹಾರವೂ ಅಲ್ಲ. ಯಾವ ಮಿತಿ ತನ್ನದೆಂದು ತಿಳಿಯದೆ ಕೊಂಡವರಿಗೆ ಇದೂ ಮತ್ತೊಂದು ನಿರಾಸೆಯಾಗಬಹುದು.

ಕೊಳ್ಳುವವರಿಗೆ ಇಷ್ಟೆಲ್ಲ ಲೆಕ್ಕ ಹಾಕುವ ಹೊರೆ ಏಕೆ, ತಯಾರಕರೇ ಸ್ಪಷ್ಟವಾಗಿ ಹೇಳಬಾರದೆ ಎಂಬುದು ಕೊನೆಯ ಮತ್ತು ನ್ಯಾಯವಾದ ಆಕ್ಷೇಪ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಾಗಲಿ ಆನ್‌ಲೈನ್ ಮಳಿಗೆಯಲ್ಲಾಗಲಿ ಡಾಕ್‌ನ ಪೆಟ್ಟಿಗೆಯ ಮೇಲೆ ಪೋರ್ಟ್‌ಗಳ ಎಣಿಕೆಯೇ ದೊಡ್ಡಕ್ಷರದಲ್ಲಿರುತ್ತದೆ. ಅದು ಎಂಎಸ್‌ಟಿಯೋ, ಥಂಡರ್‌ಬೋಲ್ಟೋ, ಡಿಸ್‌ಪ್ಲೇಲಿಂಕೋ ಎಂಬ ನಿರ್ಣಾಯಕ ವಿವರ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಆ ವಿವರವನ್ನು ಎದ್ದು ಕಾಣುವಂತೆ ಮುದ್ರಿಸುವುದು ತಯಾರಕರ ಕರ್ತವ್ಯ. ಆದರೆ ಅವರು ಎಷ್ಟೇ ಪ್ರಾಮಾಣಿಕರಾದರೂ ಹೇಳಬಲ್ಲದ್ದು ತಮ್ಮ ಪೆಟ್ಟಿಗೆಯ ಗರಿಷ್ಠ ಮಿತಿಯನ್ನು ಮಾತ್ರ. ಎದುರಿಗೆ ಯಾವ ಲ್ಯಾಪ್‌ಟಾಪ್ ಬರುತ್ತದೆಂಬುದು ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ವಿಚಾರಣೆಯ ಕ್ರಮ ತಿರುವುಮುರುವಾಗಬೇಕು. ಮೊದಲು ಲ್ಯಾಪ್‌ಟಾಪ್ ತಯಾರಕರ ವಿವರಪಟ್ಟಿಯಲ್ಲಿ ಎಷ್ಟು ಹೊರ ಮಾನಿಟರ್‌ಗಳಿಗೆ ಬೆಂಬಲವಿದೆ, ಟೈಪ್‌-ಸಿ ಪೋರ್ಟ್‌ನಲ್ಲಿ ಚಿತ್ರ ಬರುತ್ತದೆಯೇ ಎಂದು ನೋಡುವುದು. ಆಮೇಲೆ ಆಪರೇಟಿಂಗ್ ಸಿಸ್ಟಮ್ ಯಾವ ವಿಧಾನವನ್ನು ಒಪ್ಪುತ್ತದೆಂದು ತಿಳಿಯುವುದು. ತನ್ನ ಮಾನಿಟರ್‌ಗಳ ಗಿಗಾಬಿಟ್‌ಗಳನ್ನು ಕೂಡಿ ದಾರಿಯ ಅಗಲದೊಂದಿಗೆ ಹೋಲಿಸುವುದು. ಇಷ್ಟಾದ ಮೇಲೆ ಡಾಕ್‌ನ ಅಂಗಡಿಗೆ ಹೋಗುವುದು. ಅಲ್ಲಿ ‘3 ಡಿಸ್‌ಪ್ಲೇ’ ಎಂಬ ದೊಡ್ಡಕ್ಷರ ಕಂಡಾಗ, ಮುದ್ರಿಸಲು ಬಿಟ್ಟುಹೋದ ಎರಡು ಪದಗಳನ್ನು ಮನಸ್ಸಿನಲ್ಲೇ ಸೇರಿಸಿ ಓದಿಕೊಳ್ಳಬೇಕು: ‘ಲ್ಯಾಪ್‌ಟಾಪ್ ಕೊಟ್ಟರೆ’.